ಮೆಜೆಸ್ಟಿಕ್‌ನ ಒಂದು ಕಿಲೋಮೀಟರ್: ಧೂಮಪಾನ ನಿಷೇಧ ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ

ಬೆಂಗಳೂರಿನ ಮೆಜೆಸ್ಟಿಕ್ ಪ್ರದೇಶದಲ್ಲಿ ರೈಲು ನಿಲ್ದಾಣ, ಬಸ್ ನಿಲ್ದಾಣ ಮತ್ತು ನೆಲದಡಿಯ ಮೆಟ್ರೊ ನಿಲ್ದಾಣ ಮೂರೂ ಒಂದರ ಮಗ್ಗುಲಿಗೆ ಒಂದಿವೆ. ಹಿಂದೆ ಧರ್ಮಾಂಬುಧಿ ಕೆರೆಯಿದ್ದ ತಗ್ಗಿನಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ರಸ್ತೆಯಾಚೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣವಿದೆ. ಸುತ್ತಲ ಬೀದಿಗಳಲ್ಲಿ ಲಾಡ್ಜುಗಳು, ಬಾರುಗಳು, ಬೇಕರಿಗಳು, ಉಳಿದಿರುವ ಕೆಲವು ಚಿತ್ರಮಂದಿರಗಳು ಮತ್ತು ಲೆಕ್ಕಕ್ಕೆ ಸಿಗದಷ್ಟು ಟೀ ಅಂಗಡಿಗಳಿವೆ. ರಾತ್ರಿ ರೈಲಿನಲ್ಲಿ ಊರಿಂದ ಬಂದಿಳಿದವನೊಬ್ಬ ಬೆಳಗಿನ ಜಾವ ಇಲ್ಲಿಂದ ತನ್ನ ಬಡಾವಣೆಯ ಬಸ್ಸು ಹಿಡಿಯುವಷ್ಟರಲ್ಲಿ, ಕಾನೂನಿನ ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವ ಏಳೆಂಟು ಬಗೆಯ ಜಾಗಗಳನ್ನು ದಾಟಿರುತ್ತಾನೆ. ಅವನ ಜೇಬಿನಲ್ಲಿರುವ ಬೀಡಿ ಕಟ್ಟು ಅಥವಾ ಸಿಗರೇಟಿನ ಪ್ಯಾಕು ಎಲ್ಲಿ ಜೇಬಿನಲ್ಲೇ ಉಳಿಯಿತು, ಎಲ್ಲಿ ಹೊರಗೆ ಬಂತು ಎಂಬುದು ಈ ಪ್ರಕರಣದ ವಸ್ತು.

ಇದು ತಲೆ ಎಣಿಸಿ ಶೇಕಡಾವಾರು ಹೇಳುವ ಸಮೀಕ್ಷೆಯಲ್ಲ. ವರ್ಷಗಳಿಂದ ಇದೇ ದಾರಿಯಲ್ಲಿ ಓಡಾಡುವವನ ಕಣ್ಣಿಗೆ ಬಿದ್ದದ್ದನ್ನು ಕಾಯ್ದೆ ಮತ್ತು ನಿಯಮಗಳ ಪಠ್ಯದ ಪಕ್ಕದಲ್ಲಿಟ್ಟು ನೋಡುವ ಪ್ರಯತ್ನ. ಮೆಜೆಸ್ಟಿಕ್ಕನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಿಷೇಧದ ಪಾಲನೆ ಎಲ್ಲಿ ಚೆನ್ನಾಗಿದೆ, ಎಲ್ಲಿ ಕೆಟ್ಟಿದೆ ಎಂಬ ಮಾತು ಬಂದಾಗ ನಾವು ಸಾಮಾನ್ಯವಾಗಿ ಸೇದುವವರ ಶಿಕ್ಷಣ, ಸಂಸ್ಕಾರ, ನಾಗರಿಕ ಪ್ರಜ್ಞೆಗಳ ಕಡೆಗೆ ಬೆರಳು ತೋರಿಸುತ್ತೇವೆ. ಆದರೆ ಮೆಜೆಸ್ಟಿಕ್‌ನಲ್ಲಿ ಈ ವಿವರಣೆ ನಿಲ್ಲುವುದಿಲ್ಲ, ಏಕೆಂದರೆ ಇಲ್ಲಿ ಮೆಟ್ರೊದಲ್ಲಿ ಕಾಣುವವರು, ಬಸ್ಸಿನಲ್ಲಿ ಕಾಣುವವರು, ಟೀ ಅಂಗಡಿಯ ಮುಂದೆ ಹೊಗೆ ಬಿಡುವವರು ಎಲ್ಲರೂ ಅದೇ ಜನ, ಹತ್ತು ನಿಮಿಷಗಳ ಅಂತರದಲ್ಲಿ. ವ್ಯಕ್ತಿ ಬದಲಾಗದೆ ನಡವಳಿಕೆ ಬದಲಾಗುವುದಾದರೆ ಕಾರಣವನ್ನು ಜಾಗದಲ್ಲಿ ಹುಡುಕಬೇಕಾಗುತ್ತದೆ. ಆ ಜಾಗಕ್ಕೆ ಹೊಣೆಗಾರ ಯಾರು, ಮತ್ತು ಹೊಗೆಯಿಂದ ಅವನಿಗೆ ನಷ್ಟವೋ ಲಾಭವೋ ಎಂಬ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರದಿಂದಲೇ ಅಲ್ಲಿನ ಪಾಲನೆಯನ್ನು ಬಹುಮಟ್ಟಿಗೆ ಊಹಿಸಬಹುದು ಎಂಬುದು ನನ್ನ ಅಭಿಪ್ರಾಯ.

ನಿಷೇಧ ಬಂದ ದಾರಿ

ಚಿತ್ರಮಂದಿರದಲ್ಲಿ ಸೇದಬಾರದೆಂಬ ಕಾನೂನು ಈ ರಾಜ್ಯಕ್ಕೆ ಹೊಸದಲ್ಲ. ಪ್ರದರ್ಶನ ಮಂದಿರ ಮತ್ತು ಸಾರ್ವಜನಿಕ ಸಭಾಂಗಣಗಳ ಮಟ್ಟಿಗೆ 1963ರಲ್ಲೇ ಅಂಥದೊಂದು ಕಾಯ್ದೆ ಆಗಿತ್ತು. ಅದಿದ್ದೂ ಹಳೆಯ ಟೂರಿಂಗ್ ಟಾಕೀಸುಗಳಲ್ಲಿ ಪ್ರೊಜೆಕ್ಟರಿನ ಬೆಳಕಿನ ಕೋಲಿನೊಳಗೆ ಬೀಡಿಯ ಹೊಗೆ ಸುರುಳಿಯಾಡುತ್ತಿದ್ದುದನ್ನು ಕಂಡವರು ನಮ್ಮ ನಡುವೆ ಇನ್ನೂ ಇದ್ದಾರೆ. ದೇಶದ ಮಟ್ಟದಲ್ಲಿ ಈ ವಿಷಯಕ್ಕೆ ಮೊದಲು ಗಟ್ಟಿ ರೂಪ ಕೊಟ್ಟದ್ದು ನ್ಯಾಯಾಲಯಗಳು. 1999ರಲ್ಲಿ ಕೇರಳ ಹೈಕೋರ್ಟ್ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಮಾಡುವುದು ಇತರರ ಬದುಕುವ ಹಕ್ಕಿಗೆ ಧಕ್ಕೆ ಎಂದು ಹೇಳಿತು. 2001ರ ನವೆಂಬರ್ 2ರಂದು ಸುಪ್ರೀಂ ಕೋರ್ಟ್, ರಾಜಕಾರಣಿ ಮುರಳಿ ದೇವೊರಾ ಅವರ ಅರ್ಜಿಯ ಮೇಲೆ, ಆಸ್ಪತ್ರೆ, ಶಾಲೆ, ಗ್ರಂಥಾಲಯ, ನ್ಯಾಯಾಲಯ, ಸರ್ಕಾರಿ ಕಚೇರಿ, ಸಭಾಂಗಣ ಮತ್ತು ಸಾರ್ವಜನಿಕ ವಾಹನಗಳಲ್ಲಿ ಧೂಮಪಾನವನ್ನು ದೇಶದಾದ್ಯಂತ ನಿಷೇಧಿಸಿತು. ಎರಡು ವರ್ಷಗಳೊಳಗೆ ಸಂಸತ್ತು ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆಯನ್ನು ಮಾಡಿತು. ಪತ್ರಿಕೆಗಳಲ್ಲೂ ಪೊಲೀಸ್ ಠಾಣೆಗಳಲ್ಲೂ ‘ಕೋಟ್ಪಾ’ ಎಂದೇ ಬಳಕೆಯಲ್ಲಿರುವ ಈ 2003ರ ಕಾಯ್ದೆಯ 4ನೇ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವನ್ನು ನಿಷೇಧಿಸುತ್ತದೆ. ತಪ್ಪಿದವರಿಗೆ 200 ರೂಪಾಯಿಯವರೆಗೆ ದಂಡವನ್ನು 21ನೇ ಸೆಕ್ಷನ್ ಗೊತ್ತುಮಾಡಿತ್ತು.

ಕಾಯ್ದೆಯಲ್ಲಿ ಒಂದು ಸಡಿಲ ಹೆಣಿಗೆ ಉಳಿದಿತ್ತು. ಸಾರ್ವಜನಿಕರಿಗೆ ಪ್ರವೇಶವಿರುವ ಯಾವುದೇ ಜಾಗ ‘ಸಾರ್ವಜನಿಕ ಸ್ಥಳ’ ಎಂದ ಅದೇ ವ್ಯಾಖ್ಯೆ, ಬಯಲು ಜಾಗವನ್ನು ಅದರಿಂದ ಹೊರಗಿಟ್ಟಿತ್ತು. 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮಗಳು ಈ ಹೆಣಿಗೆಯನ್ನು ಬಿಗಿಗೊಳಿಸಲು ಯತ್ನಿಸಿದವು. ಕೆಲಸದ ಸ್ಥಳ, ಶಾಪಿಂಗ್ ಮಾಲ್ ಮತ್ತು ಚಿತ್ರಮಂದಿರಗಳು ಸಾರ್ವಜನಿಕ ಸ್ಥಳಗಳ ಪಟ್ಟಿಗೆ ಸೇರಿದವು. ರೈಲು ನಿಲ್ದಾಣ, ಬಸ್ ನಿಲ್ದಾಣ, ಬಸ್ ತಂಗುದಾಣ, ಕ್ರೀಡಾಂಗಣ, ಬಯಲು ರಂಗಮಂದಿರಗಳಂಥವನ್ನು ‘ಬಯಲು’ ಎಂದು ಹೇಳಿಕೊಂಡು ತಪ್ಪಿಸಿಕೊಳ್ಳುವಂತಿಲ್ಲ ಎಂದಾಯಿತು. ಉಪಾಹಾರ ಗೃಹದ ವ್ಯಾಖ್ಯೆಯನ್ನಂತೂ ಎಷ್ಟು ಹಿಗ್ಗಿಸಲಾಯಿತೆಂದರೆ, ದುಡ್ಡು ಕೊಟ್ಟು ಅಲ್ಲೇ ತಿನ್ನುವ ಅಥವಾ ಕುಡಿಯುವ ಯಾವುದೇ ಜಾಗವೂ, ಅದರ ಸುತ್ತಲಿನ ಬಯಲೂ ಅದರೊಳಗೆ ಬಂದವು. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಟೀ ಅಂಗಡಿಯ ಪ್ರಸಂಗದಲ್ಲಿ ಅದರ ಅಗತ್ಯ ಬೀಳುತ್ತದೆ.

ಅದೇ ನಿಯಮಗಳು ಹೊಣೆಯನ್ನು ಸೇದುವವನ ಮೇಲಷ್ಟೇ ಹೊರಿಸಿ ಕೈತೊಳೆದುಕೊಳ್ಳಲಿಲ್ಲ. ಜಾಗದ ಮಾಲೀಕ, ವ್ಯವಸ್ಥಾಪಕ ಅಥವಾ ಮೇಲ್ವಿಚಾರಕ ಪ್ರವೇಶದ್ವಾರದಲ್ಲಿ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಫಲಕ ಹಾಕಬೇಕು. ಒಳಗೆ ಬೂದಿ ತಟ್ಟೆ, ಬೆಂಕಿಪೊಟ್ಟಣ, ಲೈಟರುಗಳಂಥ ಅನುಕೂಲಗಳನ್ನು ಒದಗಿಸಬಾರದು. ಯಾರಾದರೂ ದೂರು ಕೊಟ್ಟರೆ ಕ್ರಮ ಕೈಗೊಳ್ಳಬೇಕು, ಕೈಗೊಳ್ಳದಿದ್ದರೆ ಅಲ್ಲಿ ನಡೆದ ಅಪರಾಧಗಳ ಸಂಖ್ಯೆಗೆ ಸಮನಾದ ದಂಡವನ್ನು ತಾನೇ ತೆರಬೇಕು. ಒಟ್ಟಿನಲ್ಲಿ ನಿಯಮದ ಕಲ್ಪನೆಯೇನೆಂದರೆ, ಪ್ರತಿಯೊಂದು ಜಾಗಕ್ಕೂ ಒಬ್ಬ ಯಜಮಾನನಿದ್ದಾನೆ ಮತ್ತು ಅವನು ಹೊಗೆಯ ವಿರುದ್ಧ ನಿಲ್ಲುತ್ತಾನೆ. ಮೆಜೆಸ್ಟಿಕ್‌ನಲ್ಲಿ ಈ ಕಲ್ಪನೆ ಕೆಲವೆಡೆ ಅಕ್ಷರಶಃ ನಿಜ, ಕೆಲವೆಡೆ ಪೂರ್ತಿ ಸುಳ್ಳು.

ನಿಷೇಧ ನಿಂತ ಜಾಗಗಳು

ಮೆಟ್ರೊದಿಂದ ಆರಂಭಿಸುವುದು ಸುಲಭ. ನಮ್ಮ ಮೆಟ್ರೊದ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್‌ನಲ್ಲಿ, ಅಂದರೆ ನಿಯಮಗಳು ಜಾರಿಗೆ ಬಂದು ಮೂರು ವರ್ಷಗಳಾದ ಮೇಲೆ. ಮೆಟ್ರೊ ನಿಲ್ದಾಣದಲ್ಲಿ ಸೇದುತ್ತಿದ್ದ ಕಾಲವೊಂದು ಬೆಂಗಳೂರಿಗೆ ಇಲ್ಲವೇ ಇಲ್ಲ; ಬಿಡಬೇಕಾದ ಅಭ್ಯಾಸವೇ ಇರಲಿಲ್ಲ. ಇದಕ್ಕೆ ಒಳಹೋಗುವಾಗಿನ ತಪಾಸಣೆ, ಎಲ್ಲೆಡೆ ಇರುವ ಕ್ಯಾಮೆರಾ, ಹತ್ತು ಹೆಜ್ಜೆಗೊಬ್ಬ ಕಾವಲುಗಾರ, ನೆಲದಡಿಯ ಮುಚ್ಚಿದ ಗಾಳಿ ಎಲ್ಲವೂ ಸೇರಿವೆ. ಪ್ಲಾಟ್‌ಫಾರ್ಮಿನಲ್ಲಿ ಬೀಡಿ ಹಚ್ಚುವ ಯೋಚನೆ ಕೂಡ ಯಾರಿಗೂ ಬಂದಂತೆ ಕಾಣುವುದಿಲ್ಲ. ಇಲ್ಲಿನ ಪಾಲನೆಯನ್ನು ನಿಷೇಧದ ಗೆಲುವು ಎಂದು ಹೊಗಳುವ ಮುನ್ನ, ಇಲ್ಲಿ ಸೋಲುವುದೇ ಕಷ್ಟವಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ನಿಜವಾದ ಗೆಲುವು ಬಸ್ಸಿನದು. ‘ಧೂಮಪಾನ ನಿಷೇಧಿಸಲಾಗಿದೆ’ ಎಂಬ ಬರಹ ಕೆಂಪು ಬಸ್ಸುಗಳ ಒಳಗೆ ಕೋಟ್ಪಾಗಿಂತ ಬಹಳ ಹಿಂದಿನಿಂದ ಇತ್ತು. ಅದರ ಕೆಳಗೇ ಕುಳಿತು ಸೇದುವವರೂ ಇದ್ದರು. ಕಿಟಕಿ ಪಕ್ಕದ ಸೀಟಿನಲ್ಲಿ ಕುಳಿತ ಯಜಮಾನರು ಬೀಡಿ ಹಚ್ಚುವುದು, ಹಿಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಳ್ಳುವುದು, ಕಂಡಕ್ಟರು ಕಂಡೂ ಕಾಣದಂತೆ ಟಿಕೆಟ್ ಹರಿಯುವುದು ಒಂದು ತಲೆಮಾರಿನ ಹಿಂದೆ ಮಾಮೂಲಿ ನೋಟ. ಇಂದು ನಗರದ ಬಸ್ಸಿನೊಳಗೆ ಅದನ್ನು ಕಾಣುವುದು ಅಪರೂಪವಲ್ಲ, ಅಸಂಭವ. ಇದಕ್ಕೆ ದಂಡವೇ ಕಾರಣವೆಂದು ನನಗನಿಸುವುದಿಲ್ಲ. ಬಸ್ಸಿನಲ್ಲಿ ದಂಡ ತೆತ್ತವರನ್ನು ನಾನು ನೋಡಿಲ್ಲ. ಬದಲಾದದ್ದು ಕಂಡಕ್ಟರಿನ ಅಧಿಕಾರದ ಬಗೆಗೆ ಪ್ರಯಾಣಿಕರಿಗಿದ್ದ ಎಣಿಕೆ. ಸೇದುವವನ ಜೊತೆ ಜಗಳಕ್ಕಿಳಿಯಬೇಕಾದ ಅಗತ್ಯ ಇನ್ನೊಬ್ಬ ಪ್ರಯಾಣಿಕನಿಗೆ ಇಲ್ಲಿಲ್ಲ. ‘ಕಂಡಕ್ಟರ್ರೇ, ನೋಡಿ ಇಲ್ಲಿ’ ಎಂದರೆ ಸಾಕು. ಬಸ್ಸು ನಿಂತರೆ ಐವತ್ತು ಜನಕ್ಕೆ ತಡವಾಗುತ್ತದೆ. ಆ ಐವತ್ತು ಜನ ಕಂಡಕ್ಟರಿನ ಪರ. ಸೇದುವವನಿಗೆ ಈ ಲೆಕ್ಕ ಹಚ್ಚುವ ಮೊದಲೇ ಗೊತ್ತಿರುತ್ತದೆ.

ರೈಲಿನ ವಿಷಯ ಹೆಚ್ಚುಕಡಿಮೆ ಇದೇ. 1989ರ ರೈಲ್ವೆ ಕಾಯ್ದೆಯಲ್ಲಿ ಬೋಗಿಯೊಳಗೆ ಸೇದುವುದಕ್ಕೆ ನೂರು ರೂಪಾಯಿವರೆಗಿನ ದಂಡ ಮೊದಲೇ ಇತ್ತು, ಕೋಟ್ಪಾ ನಿಯಮಗಳು ಸ್ಟೇಷನ್ ಮಾಸ್ಟರಿಗೂ ದಂಡ ವಿಧಿಸುವ ಅಧಿಕಾರ ಕೊಟ್ಟವು. ಚಿತ್ರಮಂದಿರದ ಬಗ್ಗೆ ಹೇಳುವುದಕ್ಕೂ ಹೆಚ್ಚೇನಿಲ್ಲ: ಒಳಗೆ ಹೊಗೆ ಇಲ್ಲ, ಮಧ್ಯಂತರದಲ್ಲಿ ಶೌಚಾಲಯದ ಕಡೆಯಿಂದ ಒಮ್ಮೊಮ್ಮೆ ವಾಸನೆ ಬರುತ್ತದೆ.

ತಂಗುದಾಣದ ಮೂರು ನಿಮಿಷ

ಬಸ್ಸಿನಿಂದ ಇಳಿದು ರಸ್ತೆಬದಿಯ ತಂಗುದಾಣಕ್ಕೆ ಬಂದರೆ ಚಿತ್ರ ತಿರುಗುಮುರುಗಾಗುತ್ತದೆ. ನಿಯಮದ ಪ್ರಕಾರ ತಂಗುದಾಣವೂ ಬಸ್ಸಿನಷ್ಟೇ ಸಾರ್ವಜನಿಕ ಸ್ಥಳ. ಆದರೆ ಬಸ್ಸಿಗೆ ಕಂಡಕ್ಟರಿದ್ದಾನೆ, ತಂಗುದಾಣಕ್ಕೆ ಯಾರೂ ಇಲ್ಲ. ಚಾವಣಿ ಒಬ್ಬರದು, ಜಾಹೀರಾತು ಫಲಕ ಇನ್ನೊಬ್ಬರದು, ಪಾದಚಾರಿ ಮಾರ್ಗ ಮತ್ತೊಬ್ಬರದು. ಹೊಗೆ ಮಾತ್ರ ನಿಂತವರೆಲ್ಲರದು. ಬಸ್ಸು ಕಾಯುತ್ತ ಸಿಗರೇಟು ಹಚ್ಚಿದವನು, ತನ್ನ ಬಸ್ಸಿನ ನಂಬರು ದೂರದಲ್ಲಿ ಕಂಡೊಡನೆ ಕೊನೆಯದೊಂದು ದಮ್ಮನ್ನು ಉದ್ದಕ್ಕೆ ಎಳೆದು, ಉಳಿದ ತುಂಡನ್ನು ಚಪ್ಪಲಿಯಡಿ ಹೊಸಕಿ, ಮೆಟ್ಟಿಲು ಹತ್ತಿ ಒಳಗೆ ಉಸಿರು ಬಿಡುತ್ತಾನೆ. ಕಾನೂನಿಗೆ ಬಸ್ಸಿನಲ್ಲಿ ಅಂಜಿದವನು ಅರ್ಧ ನಿಮಿಷದ ಹಿಂದೆ ತಂಗುದಾಣದಲ್ಲಿ ಅದನ್ನೇ ಮುರಿದಿರುತ್ತಾನೆ. ಬಹುಶಃ ಅದು ತಪ್ಪೆಂದು ಅವನಿಗೆ ಗೊತ್ತೂ ಇರುವುದಿಲ್ಲ. ಬಯಲಿನಲ್ಲಿ ನಿಂತಿದ್ದೇನೆ ಎಂದುಕೊಂಡಿರುತ್ತಾನೆ.

ಇಲ್ಲಿ ಉಳಿದಿರುವುದು ಜನರ ನಡುವಿನ ಮಾತುಕತೆ ಮಾತ್ರ. ಮಗುವನ್ನು ಎತ್ತಿಕೊಂಡ ತಾಯಿ ‘ಅಣ್ಣಾ, ಸ್ವಲ್ಪ ಆ ಕಡೆ ಹೋಗಿ ಸೇದಿ’ ಎಂದರೆ ಹೆಚ್ಚಿನವರು ಮಾತಾಡದೆ ಸರಿಯುತ್ತಾರೆ. ಕೆಲವರು ಕ್ಷಮಿಸಿ ಎನ್ನುವಂತೆ ಕೈ ಎತ್ತುತ್ತಾರೆ. ಅದೇ ಮಾತನ್ನು ಒಬ್ಬ ಹುಡುಗಿ ಒಂಟಿಯಾಗಿದ್ದಾಗ ಹೇಳಬಲ್ಲಳೇ ಎಂಬುದು ಬೇರೆ ಪ್ರಶ್ನೆ. ಹೇಳದೆ ಅವಳೇ ನಾಲ್ಕು ಹೆಜ್ಜೆ ದೂರ ಹೋಗಿ ಬಿಸಿಲಲ್ಲಿ ನಿಲ್ಲುವುದನ್ನು ನಾನು ಹಲವು ಸಲ ನೋಡಿದ್ದೇನೆ. ಕಾಯ್ದೆ ರಕ್ಷಿಸಬೇಕಾದ ವ್ಯಕ್ತಿಯೇ ಜಾಗ ಬಿಟ್ಟುಕೊಡುವ ಈ ಸಣ್ಣ ಸರಿದಾಟ ಯಾವ ದಂಡದ ಲೆಕ್ಕಪುಸ್ತಕಕ್ಕೂ ಸೇರುವುದಿಲ್ಲ.

ಒಂದು ಟೀ, ಒಂದು ಕಿಂಗ್

ಈ ಪ್ರಕರಣದ ನಡುಮನೆ ಟೀ ಅಂಗಡಿ. ಬೆಂಗಳೂರಿನಲ್ಲಿ ಅದಕ್ಕೆ ಹಲವು ರೂಪಗಳಿವೆ: ತಳ್ಳುಗಾಡಿ, ಪೆಟ್ಟಿಗೆ ಅಂಗಡಿ, ‘ಕಾಂಡಿಮೆಂಟ್ಸ್’ ಎಂಬ ಫಲಕದ ಕಿರಿದಾದ ಮಳಿಗೆ, ಪಫ್ಸು ಬನ್ನುಗಳ ಜೊತೆ ಟೀ ಮಾರುವ ಬೇಕರಿ. ರೂಪ ಯಾವುದಾದರೂ ವ್ಯವಸ್ಥೆ ಒಂದೇ. ಗಾಜಿನ ಭರಣಿಗಳ ಹಿಂದೆ ಸಿಗರೇಟಿನ ಪ್ಯಾಕುಗಳು ಸಾಲಾಗಿರುತ್ತವೆ, ಕಂಬಕ್ಕೆ ದಾರ ಕಟ್ಟಿ ಲೈಟರು ನೇತುಹಾಕಿರುತ್ತಾರೆ, ಕೆಳಗೆ ಮರಳು ತುಂಬಿದ ಡಬ್ಬಿಯೋ ಒಡೆದ ಬಕೆಟ್ಟೋ ಇರುತ್ತದೆ. ಗಿರಾಕಿ ‘ಅಣ್ಣಾ, ಒಂದು ಟೀ, ಒಂದು ಕಿಂಗ್’ ಎನ್ನುತ್ತಾನೆ. ಟೀ ಬರುವ ಮೊದಲೇ ಸಿಗರೇಟು ಕೈಗೆ ಬಂದಿರುತ್ತದೆ.

ಈ ಒಂದೇ ವಾಕ್ಯದ ವ್ಯವಹಾರದಲ್ಲಿ ಎಷ್ಟು ನಿಯಮಗಳು ಮುರಿಯುತ್ತವೆ ಎಂದು ಎಣಿಸಿ ನೋಡಬಹುದು. ದುಡ್ಡು ಕೊಟ್ಟು ಅಲ್ಲೇ ನಿಂತು ಟೀ ಕುಡಿಯುವುದರಿಂದ 2008ರ ನಿಯಮಗಳ ಮಟ್ಟಿಗೆ ಇದು ಉಪಾಹಾರ ಗೃಹ. ಸುತ್ತಲಿನ ಬಯಲೂ ಅದರ ಭಾಗವಾದ್ದರಿಂದ ಅಂಗಡಿಯ ಮುಂದಿನ ಫುಟ್‌ಪಾತಿನಲ್ಲಿ ಸೇದುವುದೂ ನಿಷಿದ್ಧ. ನೇತುಹಾಕಿದ ಲೈಟರು ಮತ್ತು ಮರಳಿನ ಡಬ್ಬಿ, ಧೂಮಪಾನಕ್ಕೆ ಅನುಕೂಲ ಒದಗಿಸಬಾರದೆಂಬ ನಿಯಮಕ್ಕೆ ನೇರ ವಿರುದ್ಧ. ಬಿಡಿ ಸಿಗರೇಟು ಮಾರುವುದನ್ನು ರಾಜ್ಯ ಸರ್ಕಾರ 2017ರ ಸೆಪ್ಟೆಂಬರ್‌ನಲ್ಲೇ ಅಧಿಸೂಚನೆಯ ಮೂಲಕ ನಿಷೇಧಿಸಿತ್ತು, ಈಗ ಅದು ರಾಜ್ಯದ ಮಟ್ಟಿಗೆ 2025ರಲ್ಲಿ ತಿದ್ದುಪಡಿಯಾದ ಕೋಟ್ಪಾದೊಳಗೇ ಸೇರಿದೆ. ಅಂಗಡಿ ಶಾಲೆ ಕಾಲೇಜಿನ ಬಳಿಯಿದ್ದರೆ ಇನ್ನೊಂದು ಅಪರಾಧ ಸೇರುತ್ತದೆ. ಹೀಗಿದ್ದೂ ನಗರದ ಯಾವ ಮೂಲೆಯಲ್ಲೂ ಟೀ ಅಂಗಡಿಯ ಹೊಗೆ ಯಾರಿಗೂ ಕಾನೂನುಭಂಗವಾಗಿ ಕಾಣುವುದಿಲ್ಲ. ಸೇದುವವನಿಗಂತೂ ಇದು ಕಾನೂನಿಗೆ ತಲೆಬಾಗಿ ತಾನು ಆರಿಸಿಕೊಂಡ ಜಾಗ: ಕಚೇರಿಯಲ್ಲಿ ಸೇದಲಿಲ್ಲ, ಬಸ್ಸಿನಲ್ಲಿ ಸೇದಲಿಲ್ಲ, ಹೊರಗೆ ಬಂದು ಸೇದುತ್ತಿದ್ದೇನೆ, ಇನ್ನೇನು ಬೇಕು ಎಂಬ ಭಾವ.

ಆ ಭಾವದಲ್ಲಿ ಸ್ವಲ್ಪ ನ್ಯಾಯವೂ ಇದೆ. 2008ರ ನಿಯಮಗಳು ಕೆಲಸದ ಸ್ಥಳವನ್ನು ನಿಷೇಧದೊಳಗೆ ತಂದಾಗ, ಪ್ರತ್ಯೇಕ ಧೂಮಪಾನ ಕೋಣೆಯ ಅವಕಾಶವನ್ನು ಮೂವತ್ತು ಅಥವಾ ಹೆಚ್ಚು ಕೊಠಡಿಗಳ ಹೋಟೆಲು, ಮೂವತ್ತು ಅಥವಾ ಹೆಚ್ಚು ಆಸನಗಳ ಉಪಾಹಾರ ಗೃಹ ಮತ್ತು ವಿಮಾನ ನಿಲ್ದಾಣಗಳಿಗೆ ಮಾತ್ರ ಉಳಿಸಿಕೊಟ್ಟವು. ಕಚೇರಿಗಳಿಗೆ ಅದು ಇಲ್ಲ. ಆಗ ಒಳಗಿದ್ದವರೆಲ್ಲ ಗೇಟಿನಾಚೆ ಬಂದರು, ಗೇಟಿನಾಚೆ ಟೀ ಅಂಗಡಿಗಳು ಬೆಳೆದವು. ಔಟರ್ ರಿಂಗ್ ರೋಡಿನ ಐಟಿ ಪಾರ್ಕುಗಳ ಮುಂದೆ ಕಾಣುವ ಗುಂಪುಗಳೂ ಮೆಜೆಸ್ಟಿಕ್‌ನ ಬ್ಯಾಂಕು, ಕಚೇರಿ, ಮಳಿಗೆಗಳ ನೌಕರರು ನೆರೆಯುವ ಗಲ್ಲಿಗಳೂ ಒಂದೇ ಕಾರಣದ ಫಲ. ಕಟ್ಟಡದೊಳಗಿನ ಗಾಳಿ ಶುದ್ಧವಾದದ್ದು ನಿಜ, ಅದು ಸಣ್ಣ ಸಾಧನೆಯೂ ಅಲ್ಲ. ಆದರೆ ಹೊಗೆ ಕಡಿಮೆಯಾದದ್ದಕ್ಕಿಂತ ಹೆಚ್ಚಾಗಿ ಹೊಸ್ತಿಲ ಆಚೆಗೆ ಸರಿಯಿತು. ಅಲ್ಲಿ ಅದನ್ನು ಉಸಿರಾಡುವವರು ಯಾರೆಂದರೆ ಟೀ ಲೋಟ ತೊಳೆಯುವ ಹುಡುಗ, ಪಕ್ಕದಲ್ಲಿ ಹೂ ಕಟ್ಟುವ ಹೆಂಗಸು, ದಿನವಿಡೀ ಅಲ್ಲೇ ನಿಲ್ಲುವ ಆಟೊ ಚಾಲಕ. ಇವರಿಗೂ ಅದು ಕೆಲಸದ ಸ್ಥಳವೇ.

ಅಂಗಡಿಯವನ ಕಡೆಯಿಂದಲೂ ನೋಡಬೇಕು. ಟೀ ಮತ್ತು ಸಿಗರೇಟು ಒಂದನ್ನೊಂದು ಎಳೆದುತರುವ ಜೋಡಿ. ಸಿಗರೇಟು ಇಟ್ಟುಕೊಳ್ಳದ ಟೀ ಅಂಗಡಿಯ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಟೀಯನ್ನೂ ಅಲ್ಲೇ ಕುಡಿಯುತ್ತಾನೆ. ನಿಯಮ ಯಾರನ್ನು ಆ ಜಾಗದ ಹೊಣೆಗಾರನೆಂದು ಗುರುತಿಸಿ ಹೊಗೆಯ ವಿರುದ್ಧ ನಿಲ್ಲು ಎನ್ನುತ್ತದೋ ಅವನ ಸಂಜೆಯ ಗಲ್ಲಾಪೆಟ್ಟಿಗೆ ತುಂಬುವುದು ಅದೇ ಹೊಗೆಯಿಂದ. ಕಂಡಕ್ಟರಿಗೂ ಇವನಿಗೂ ಇರುವ ವ್ಯತ್ಯಾಸ ಇಷ್ಟೇ. ಕಂಡಕ್ಟರಿಗೆ ಬೀಡಿಯಿಂದ ಬರುವುದು ತಕರಾರು ಮಾತ್ರ, ಅಂಗಡಿಯವನಿಗೆ ಬರುವುದು ಬಾಡಿಗೆಯ ದುಡ್ಡು. ‘ಇಲ್ಲಿ ಸೇದಬೇಡಿ ಸಾರ್’ ಎಂದು ಅವನು ಹೇಳುವನೆಂದು ನಿರೀಕ್ಷಿಸುವುದು, ಹೇಳದಿದ್ದರೆ ಅವನ ಮೇಲೆ ಸಿಟ್ಟಾಗುವುದು, ಎರಡೂ ಕಾಗದದ ಮೇಲಷ್ಟೇ ಸುಲಭ.

ಬಿಡಿ ಮಾರಾಟದ ವಿಷಯ ಇಲ್ಲಿ ಬದಿಗೆ ಸರಿಸುವಂಥದ್ದಲ್ಲ. ಪ್ಯಾಕಿನ ಎರಡೂ ಮುಖಗಳ ಶೇಕಡ 85ರಷ್ಟು ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮ 2016ರಿಂದ ಜಾರಿಯಲ್ಲಿದೆ. ಅದರ ವಿರುದ್ಧದ ದೊಡ್ಡ ಮೊಕದ್ದಮೆ ನಡೆದದ್ದೂ ಇಲ್ಲೇ. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದುಪಡಿಸಿತು, ಮರು ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಇಷ್ಟೆಲ್ಲ ಹೋರಾಟದ ವಸ್ತುವಾದ ಆ ಚಿತ್ರವನ್ನು ಬಿಡಿ ಕೊಳ್ಳುವವನು ನೋಡುವುದೇ ಇಲ್ಲ. ಅದು ಅಂಗಡಿಯವನ ಕಡೆಗೆ ಮುಖ ಮಾಡಿ ಕುಳಿತಿರುತ್ತದೆ. ಇನ್ನೂ ಮುಖ್ಯವಾದ ಮಾತೆಂದರೆ, ಬಿಡಿಯಾಗಿ ಕೊಂಡ ಸಿಗರೇಟನ್ನು ಜೇಬಿಗಿಟ್ಟು ಮನೆಗೆ ಒಯ್ಯುವವರು ಕಡಿಮೆ. ಅದನ್ನು ಕೊಂಡಲ್ಲೇ ಹಚ್ಚುತ್ತಾರೆ. ಹಾಗಾಗಿ ಬಿಡಿ ಮಾರಾಟವೂ ಸಾರ್ವಜನಿಕ ಸ್ಥಳದ ಧೂಮಪಾನವೂ ಕಾಯ್ದೆಯಲ್ಲಿ ಬೇರೆ ಬೇರೆ ಸೆಕ್ಷನ್‌ಗಳಾದರೂ ಬೀದಿಯಲ್ಲಿ ಒಂದೇ ಕ್ರಿಯೆ.

ಬಾರಿನ ಬಾಲ್ಕನಿ

ಬಾರು ಮತ್ತು ಪಬ್ಬುಗಳಲ್ಲಿ ಮೇಲ್ನೋಟಕ್ಕೆ ನಿಯಮದ ಪಾಲನೆ ಇದೆ, ಏಕೆಂದರೆ ಅಲ್ಲಿ ‘ಸ್ಮೋಕಿಂಗ್ ಜೋನ್’ ಎಂಬ ಫಲಕವಿರುತ್ತದೆ. ನಿಯಮ ಕೇಳುವುದು ಫಲಕವನ್ನಲ್ಲ. ನಾಲ್ಕೂ ಕಡೆ ಚಾವಣಿಯವರೆಗೆ ಗೋಡೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಹೊಗೆಯನ್ನು ನೇರ ಕಟ್ಟಡದ ಹೊರಗೆ ಒಯ್ಯುವ ವ್ಯವಸ್ಥೆ, ಬಾಗಿಲು ತೆರೆದಾಗ ಹೊಗೆ ಆಚೆ ನುಗ್ಗದಂತೆ ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುವುದು, ಇವೆಲ್ಲ ಬೇಕು. ಪ್ರವೇಶದ್ವಾರದ ಬಳಿ ಅದು ಇರಬಾರದು. 2017ರ ತಿದ್ದುಪಡಿಯ ನಂತರ ಅದರೊಳಗೆ ಊಟ, ಪಾನೀಯ ಯಾವುದನ್ನೂ ಬಡಿಸುವಂತಿಲ್ಲ. ಮೆಜೆಸ್ಟಿಕ್‌ನ ಬಾರುಗಳಲ್ಲಿ ಧೂಮಪಾನದ ಜಾಗವೆಂದರೆ ಸಾಮಾನ್ಯವಾಗಿ ಕಿಟಕಿ ಪಕ್ಕದ ನಾಲ್ಕು ಮೇಜು ಅಥವಾ ಮೆಟ್ಟಿಲ ತಿರುವಿನ ಬಾಲ್ಕನಿ. ಬೂದಿ ತಟ್ಟೆ ಕೇಳಿದರೆ ನೀರು ತುಂಬಿದ ಸ್ಟೀಲ್ ಬಟ್ಟಲು ಬರುತ್ತದೆ. ಬೂದಿ ತಟ್ಟೆ ಇಡಬಾರದೆಂಬ ನಿಯಮಕ್ಕೆ ಇದು ಅವರು ಕಂಡುಕೊಂಡ ಉಪಾಯ.

ಒಮ್ಮೆ ಅಂಥ ಒಂದು ಬಾರಿನಲ್ಲಿ ಗೆಳೆಯರ ಜೊತೆ ಊಟಕ್ಕೆ ಕುಳಿತಿದ್ದಾಗ, ಪಕ್ಕದ ಮೇಜಿನ ಹೊಗೆಯ ಬಗ್ಗೆ ಸಪ್ಲೈಯರಿಗೆ ಹೇಳಿದೆ. ಅವರು ನಯವಾಗಿಯೇ ‘ನಿಮಗೆ ಆ ಕಡೆ ಟೇಬಲ್ ಹಾಕಿಕೊಡ್ಲಾ ಸಾರ್?’ ಎಂದರು. ಸೇದುವವರನ್ನು ಎಬ್ಬಿಸುವ ಮಾತು ಅವರ ಮನಸ್ಸಿಗೆ ಬರಲಿಲ್ಲ. ತಂಗುದಾಣದ ಹುಡುಗಿಯ ಹಾಗೆ ಇಲ್ಲೂ ಸರಿಯಬೇಕಾದವನು ದೂರು ಹೇಳಿದವನೇ. ಸಪ್ಲೈಯರನ್ನು ದೂರಿ ಪ್ರಯೋಜನವಿಲ್ಲ. ದಿನಕ್ಕೆ ಹತ್ತು ತಾಸು ಆ ಹೊಗೆಯೊಳಗೆ ಓಡಾಡುವವರು ಅವರು. ಹೊಗೆಗೆ ಸುರಕ್ಷಿತ ಮಟ್ಟವೆಂಬುದು ಇಲ್ಲ, ಕೋಣೆ ಬೇರ್ಪಡಿಸುವುದರಿಂದಲೂ ಗಾಳಿಯಾಡಿಸುವುದರಿಂದಲೂ ಪೂರ್ಣ ರಕ್ಷಣೆ ಸಿಗುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಡಂಬಡಿಕೆಯ 2007ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಭಾರತ ಆ ಒಡಂಬಡಿಕೆಯನ್ನು 2004ರಲ್ಲೇ ಅನುಮೋದಿಸಿದೆ. ಅದರ ಬೆಳಕಿನಲ್ಲಿ ನೋಡಿದರೆ ಮೂವತ್ತು ಆಸನಗಳ ವಿನಾಯಿತಿಯೇ ಹೋಗಬೇಕಾದದ್ದು.

ದಂಡದ ಚೀಟಿ

ದಂಡ ವಿಧಿಸುವ ಅಧಿಕಾರ ಎಷ್ಟು ಜನರಿಗಿದೆ ಎಂದು ತಿಳಿದರೆ ಆಶ್ಚರ್ಯವಾಗುತ್ತದೆ. ಸಬ್ ಇನ್‌ಸ್ಪೆಕ್ಟರ್ ಮತ್ತು ಮೇಲಿನ ಪೊಲೀಸರು, ಆರೋಗ್ಯ ಅಧಿಕಾರಿಗಳು, ಆಸ್ಪತ್ರೆಯ ಅಧೀಕ್ಷಕರು ಇರುವುದು ಸಹಜ. ಆದರೆ ನಿಯಮಗಳ ಅನುಸೂಚಿಯಲ್ಲಿ ತಮ್ಮ ತಮ್ಮ ಆವರಣದ ಮಟ್ಟಿಗೆ ಪೋಸ್ಟ್ ಮಾಸ್ಟರ್, ಶಾಲೆಯ ಮುಖ್ಯೋಪಾಧ್ಯಾಯರು, ಕಾಲೇಜಿನ ಪ್ರಾಂಶುಪಾಲರು, ಗ್ರಂಥಪಾಲಕರು, ಖಾಸಗಿ ಕಚೇರಿಯ ಆಡಳಿತ ಮುಖ್ಯಸ್ಥರು ಕೂಡ ಇದ್ದಾರೆ. ಗ್ರಂಥಪಾಲಕರೊಬ್ಬರು ರಸೀದಿ ಪುಸ್ತಕ ತೆಗೆದು ಓದುಗನಿಗೆ ದಂಡ ಹಾಕಿದ ದೃಶ್ಯವನ್ನು ಊಹಿಸಿಕೊಂಡರೆ ನಗು ಬರುತ್ತದೆ, ಆದರೆ ಅಧಿಕಾರವನ್ನು ಹೀಗೆ ಹರಡಿದ್ದರ ಉದ್ದೇಶ ಸರಿಯಾದದ್ದೇ. ಹರಡಿದ ಅಧಿಕಾರವನ್ನು ಪಡೆದವರಲ್ಲಿ ಎಷ್ಟು ಜನರಿಗೆ ಅದು ತಮ್ಮ ಬಳಿಯಿದೆ ಎಂದು ಗೊತ್ತು ಎಂಬುದೇ ತೊಡಕು. ಟೀ ಅಂಗಡಿಗೆ, ತಂಗುದಾಣಕ್ಕೆ ಅಂಥ ಮುಖ್ಯಸ್ಥರಿಲ್ಲದ್ದರಿಂದ ಎಲ್ಲವೂ ಕೊನೆಗೆ ಪೊಲೀಸರ ಮೇಲೆಯೇ ಬರುತ್ತದೆ. ಅವರಿಗೆ ಮೆಜೆಸ್ಟಿಕ್‌ನಲ್ಲಿ ಜೇಬುಗಳ್ಳರಿಂದ ಹಿಡಿದು ಮೆರವಣಿಗೆಯವರೆಗೆ ಮಾಡುವ ಕೆಲಸ ಸಾಕಷ್ಟಿದೆ. ಹೀಗಾಗಿ ದಾಳಿಗಳು ಮೇ 31ರ ತಂಬಾಕು ರಹಿತ ದಿನದ ಆಸುಪಾಸಿನಲ್ಲಿ ಬಿರುಸಾಗಿ, ಮಳೆಗಾಲ ಕೂಡಿಕೊಳ್ಳುವ ಹೊತ್ತಿಗೆ ತಣ್ಣಗಾಗುತ್ತವೆ.

ದಂಡದ ಮೊತ್ತ ಎರಡು ದಶಕ ಬದಲಾಗಲಿಲ್ಲ. 2003ರಲ್ಲಿ 200 ರೂಪಾಯಿ ಕೂಲಿಯವನ ಮಟ್ಟಿಗೆ ದೊಡ್ಡ ಮೊತ್ತವಾಗಿತ್ತು. ಬರುಬರುತ್ತ ಅದು ಹತ್ತು ಸಿಗರೇಟಿನ ಒಂದು ಒಳ್ಳೆಯ ಪ್ಯಾಕಿನ ಬೆಲೆಯ ಹತ್ತಿರಕ್ಕೆ ಬಂತು. ರಾಜ್ಯ ವಿಧಾನಮಂಡಲ 2024ರ ಫೆಬ್ರುವರಿಯಲ್ಲಿ ಅಂಗೀಕರಿಸಿದ ತಿದ್ದುಪಡಿ ರಾಷ್ಟ್ರಪತಿಗಳ ಅಂಕಿತ ಪಡೆದು 2025ರ ಮೇ 30ರಂದು ಜಾರಿಗೆ ಬಂದಾಗ, ದಂಡ 1,000 ರೂಪಾಯಿಗೆ ಏರಿತು. ತಂಬಾಕು ಕೊಳ್ಳುವ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಹೋಯಿತು, ಶಿಕ್ಷಣ ಸಂಸ್ಥೆಯಿಂದ ತಂಬಾಕು ಮಾರುವ ಅಂಗಡಿಗೆ ಇರಬೇಕಾದ ಅಂತರ 100 ಗಜದಿಂದ 100 ಮೀಟರಾಯಿತು, ಸಾರ್ವಜನಿಕ ಸ್ಥಳದಲ್ಲಿ ತಂಬಾಕು ಉಗುಳುವುದೂ ನಿಷೇಧಕ್ಕೆ ಸೇರಿತು. ಹುಕ್ಕಾ ಬಾರ್ ನಡೆಸುವವರಿಗೆ ಒಂದರಿಂದ ಮೂರು ವರ್ಷ ಸೆರೆವಾಸ, 50 ಸಾವಿರದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ. ಉಗುಳುವುದನ್ನು ಸೇರಿಸಿದ್ದು ತಡವಾದರೂ ತಕ್ಕ ನಿರ್ಧಾರ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇಕಡ 8.8, ಜಗಿಯುವಂಥ ಹೊಗೆರಹಿತ ತಂಬಾಕು ಬಳಸುವವರು ಶೇಕಡ 16.3.

ಇದೇ ಅಂಕಿಯನ್ನು ಇನ್ನೊಂದು ಬದಿಯಿಂದ ಓದಬಹುದು: ನೂರರಲ್ಲಿ ತೊಂಬತ್ತೊಂದು ಮಂದಿ ಸೇದುವುದಿಲ್ಲ. ಆದರೂ ಅದೇ ಸಮೀಕ್ಷೆಯಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಇನ್ನೊಬ್ಬರ ಹೊಗೆಗೆ ಒಡ್ಡಿಕೊಂಡವರು ದೇಶದ ಮಟ್ಟದಲ್ಲಿ ಶೇಕಡ 25.7ರಷ್ಟಿದ್ದರು. 2009-10ರಲ್ಲಿ ಅದು 29 ಇತ್ತು. ಏಳು ವರ್ಷಗಳಲ್ಲಿ ಇಳಿದದ್ದು ಇಷ್ಟೇ, ಬಸ್ಸು ಮತ್ತು ಕಚೇರಿಗಳು ಅಷ್ಟು ಬದಲಾಗಿದ್ದರೂ. ಹೊಗೆ ಹೊಸ್ತಿಲಾಚೆಗೆ ಸರಿಯಿತು ಎಂಬ ನನ್ನ ಊಹೆಗೆ ಇದು ಪುರಾವೆಯಲ್ಲ, ಅದಕ್ಕೆ ವಿರುದ್ಧವೂ ಅಲ್ಲ.

ದಂಡ ಐದು ಪಟ್ಟಾದದ್ದರಿಂದ ಪಾಲನೆ ಐದು ಪಟ್ಟಾಗುವುದಿಲ್ಲ. ಟೀ ಅಂಗಡಿಯ ಮುಂದೆ ನಿಂತ ಹಮಾಲಿಗೆ ಸಾವಿರ ರೂಪಾಯಿಯ ಚೀಟಿ ಹರಿಯಲು ಎಷ್ಟೋ ಪೊಲೀಸರ ಕೈ ಏಳುವುದಿಲ್ಲ. ಬೈದು ಕಳಿಸುತ್ತಾರೆ, ಅಥವಾ ಚೌಕಾಸಿಗೆ ದಾರಿಯಾಗುತ್ತದೆ. ಅವನ ಕೈಗೆ ಸಿಗರೇಟು ಕೊಟ್ಟು, ಲೈಟರು ನೇತುಹಾಕಿ, ಮರಳಿನ ಡಬ್ಬಿ ಇಟ್ಟವನ ಮೇಲೆ, ಬಾಲ್ಕನಿಯನ್ನು ಧೂಮಪಾನ ಕೋಣೆ ಎಂದು ಕರೆದ ಬಾರಿನ ಮೇಲೆ, ಅದೇ ನಿಯಮಗಳು ಕೊಟ್ಟಿರುವ ಅಸ್ತ್ರ ಬಳಕೆಯಾಗದೆ ಉಳಿದಿದೆ. ಬಾರಿಗೆ ಅಬಕಾರಿ ಪರವಾನಗಿ ಇದೆ, ಬೇಕರಿಗೆ ಉದ್ದಿಮೆ ಪರವಾನಗಿ ಇದೆ. ಅವುಗಳ ನವೀಕರಣಕ್ಕೆ ಈ ನಿಯಮಗಳ ಪಾಲನೆಯನ್ನು ಷರತ್ತಾಗಿ ಕಟ್ಟಿ, ಅದನ್ನು ಪರೀಕ್ಷಿಸಿಯೇ ನವೀಕರಿಸಿದರೆ ಹೊಗೆಯಿಂದ ಬರುವ ಲಾಭದ ಎದುರಿಗೆ ನಷ್ಟವೊಂದು ತೂಗತೊಡಗುತ್ತದೆ. ತಳ್ಳುಗಾಡಿಯವನ ಮಟ್ಟಿಗೆ ಇದು ಕೆಲಸ ಮಾಡದು. ಅವನ ಬಾಳುವೆಯನ್ನೇ ಕಿತ್ತುಕೊಳ್ಳುವ ಕ್ರಮವನ್ನು ನಾನು ಬೆಂಬಲಿಸಲಾರೆ. ಆದರೆ ಲೈಟರಿನ ದಾರವನ್ನು ಕತ್ತರಿಸಲು, ಪ್ಯಾಕಿನ ಲೆಕ್ಕದಲ್ಲಿ ಮಾತ್ರ ಮಾರುವಂತೆ ಮಾಡಲು ಅವನ ಗಾಡಿಯನ್ನು ಎತ್ತಿಕೊಂಡು ಹೋಗಬೇಕಾಗಿಲ್ಲ.

ನಿಯಮದ ಫಲಕದ ಬಗ್ಗೆ ಒಂದು ವಿವರವನ್ನು ಮೇಲೆ ಬಿಟ್ಟಿದ್ದೆ. ಧೂಮಪಾನ ಇಲ್ಲಿ ಅಪರಾಧ ಎಂಬ ಬರಹ ಮತ್ತು ಕೆಂಪು ಪಟ್ಟಿ ಎಳೆದ ಸಿಗರೇಟಿನ ಚಿತ್ರದ ಜೊತೆಗೆ, ಉಲ್ಲಂಘನೆ ಕಂಡರೆ ಯಾರಿಗೆ ದೂರು ಹೇಳಬೇಕೋ ಅವರ ಹೆಸರನ್ನೂ ಎದ್ದುಕಾಣುವಂತೆ ಪ್ರಕಟಿಸಬೇಕು. ಅಚ್ಚು ಹಾಕಿಸಿ ತಂದ ಫಲಕಗಳಲ್ಲಿ ಇದಕ್ಕಾಗಿ ಕೆಳಗಡೆ ಹೆಸರು, ಹುದ್ದೆ, ದೂರವಾಣಿ ಎಂದು ಮೂರು ಗೆರೆಗಳಿರುತ್ತವೆ. ಮೆಜೆಸ್ಟಿಕ್‌ನ ಲಾಡ್ಜು, ಹೋಟೆಲು, ಬಾರುಗಳ ಬಾಗಿಲಲ್ಲಿ ಈ ಫಲಕವನ್ನು ಕಂಡಾಗಲೆಲ್ಲ ನಾನು ಆ ಮೂರು ಗೆರೆಗಳನ್ನು ನೋಡುತ್ತೇನೆ. ಚಿತ್ರ ಮಾಸಿರುತ್ತದೆ, ಮೊಳೆ ತುಕ್ಕು ಹಿಡಿದಿರುತ್ತದೆ, ಗೆರೆಗಳ ಮೇಲೆ ಹೆಚ್ಚಿನ ಕಡೆ ಏನೂ ಬರೆದಿರುವುದಿಲ್ಲ.